ಪೆಟ್ಟಿಗೆಯಲ್ಲಿ ಬಿಟ್ಟ ಪಾಲು

ಮೊದಲು ಕಿವಿ ಹಚ್ಚಿ. ಕೈ ಆಮೇಲೆ.

ಮೊಣಕಾಲೂರಿ ಕುಳಿತು ಎಡಗಿವಿಯನ್ನು ಪೆಟ್ಟಿಗೆಯ ಪಕ್ಕದ ಹಲಗೆಗೆ ಆನಿಸಿ. ಕಟ್ಟಿಗೆ ಇನ್ನೂ ರಾತ್ರಿಯ ತಂಪು ಬಿಟ್ಟಿಲ್ಲ. ಒಳಗಿನ ಗುಂಯ್‌ಗುಡುವ ಸದ್ದು ಕಿವಿಗಿಂತ ಮೊದಲು ದವಡೆಯ ಎಲುಬಿಗೆ ಗೊತ್ತಾಗುತ್ತದೆ. ಈಗ ಬೆರಳ ಗೆಣ್ಣಿನಿಂದ ಹಲಗೆಯನ್ನು ಒಂದೇ ಸಲ ತಟ್ಟಿ. ಸದ್ದು ಭರ್ರನೆ ಏರಿತಲ್ಲ? ಏರಿದ್ದು ಕೂಡಲೇ ಇಳಿಯಿತಲ್ಲ? ಹಾಗಾದರೆ ಒಳಗೆ ರಾಣಿ ಇದ್ದಾಳೆ. ಏರಿದ ದನಿ ಇಳಿಯದೆ ನರಳುತ್ತಲೇ ಇದ್ದರೆ ಆ ಮನೆಗೆ ರಾಣಿ ಇಲ್ಲವೆಂದೇ ಅನುಮಾನಿಸಬೇಕು.

ಉಸಿರು ಬಿಡಿ. ಬಾಯಿಂದ ಬೇಡ, ಮೂಗಿನಿಂದ, ಮುಖ ಆ ಕಡೆ ತಿರುಗಿಸಿ. ಮನುಷ್ಯನ ಬಿಸಿಯುಸಿರು ಮುಖಕ್ಕೆ ಬಡಿದರೆ ಜೇನು ಕೆರಳುತ್ತದೆ. ಅದರ ಪಾಲಿಗೆ ಅದು ಗೂಡು ಕೀಳಲು ಬಂದ ಪ್ರಾಣಿಯ ಉಸಿರು. ಒಂದು ಲೆಕ್ಕಕ್ಕೆ ಅದು ತಪ್ಪೇನೂ ತಿಳಿದಿಲ್ಲ.

ಮಾರ್ಚ್ ಮೊದಲ ವಾರ, ಬೆಳಗಿನ ಏಳು ಗಂಟೆ. ಶಹಾಪುರದಿಂದ ಭೀಮರಾಯನಗುಡಿ ಕಡೆ ಹೊರಟರೆ ಸಿಗುವ ಒಂದು ಹೊಲ, ಅದರ ಬದುವಿನ ಮೇಲೆ ಬೇವಿನ ಮರ, ಮರದಡಿ ಹತ್ತು ಪೆಟ್ಟಿಗೆ. ದೂರದಲ್ಲಿ ಮಲಗಿದ ಬುದ್ಧನ ಗುಡ್ಡದ ಬಂಡೆಗಳಿಗೆ ಬೆಳಕು ತಾಗತೊಡಗಿದೆ. ಎರಡೂವರೆ ತಾಸು ನಿಮ್ಮದು, ಅಷ್ಟೇ. ಬಿಸಿಲು ಬಲಿತ ಮೇಲೆ ಪೆಟ್ಟಿಗೆ ಬಿಚ್ಚಿಡುವಂತಿಲ್ಲ. ಪೆಟ್ಟಿಗೆ ತಂದು ವರ್ಷ ತುಂಬದ ನಿಮಗೆ ಇದು ಮೊದಲ ಬೇಸಿಗೆ. ಪಕ್ಕದ ಹೊಲದ ಕಾಕಾ ಹಲವು ಬೇಸಿಗೆ ಕಂಡವರು. ಹೊಗೆತಿದಿ ಅವರ ಕೈಯಲ್ಲಿದೆ.

ಹಿಮ ಬೀಳುವ ದೇಶಗಳಲ್ಲಿ ಈ ಕೆಲಸ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಡೆಯುತ್ತದೆ. ಅಲ್ಲಿನವರು ಒಂದು ಕುಟುಂಬಕ್ಕೆ 25-30 ಕಿಲೋ ಜೇನು ಬಿಟ್ಟು, ಬಾಗಿಲು ಕಿರಿದು ಮಾಡಿ, ಪೆಟ್ಟಿಗೆಗೆ ಹೊದಿಕೆ ಸುತ್ತಿ ಮನೆಗೆ ಹೋಗುತ್ತಾರೆ. ನೊಣಗಳು ಒಂದಕ್ಕೊಂದು ಅಂಟಿ ಉಂಡೆಯಾಗಿ, ಮೈ ನಡುಗಿಸಿ ಕಾವು ಹುಟ್ಟಿಸಿಕೊಂಡು ತಿಂಗಳುಗಟ್ಟಲೆ ಕೂತಿರುತ್ತವೆ. ಶಹಾಪುರದಲ್ಲಿ ಚಳಿಗಾಲವೆಂದರೆ ಜೇನಿಗೆ ಸುಗ್ಗಿ. ತೊಗರಿ ಹೂವು, ಅದರ ಹಿಂದೆ ಬಿಳಿಜೋಳದ ಪರಾಗ, ಕುಸುಬಿ, ಸೂರ್ಯಪಾನ, ಕೊತ್ತಂಬರಿ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಉಣ್ಣಲು ಕೊರತೆ ಇಲ್ಲ. ಕೊಲ್ಲುವ ಕಾಲ ಮುಂದಿದೆ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹೊಲ ಬೋಳಾಗುತ್ತದೆ, ಕಾಲುವೆ ಬಂದ್ ಆಗುತ್ತದೆ. ಆ ಕಾಲಕ್ಕೆ ಈ ಪೆಟ್ಟಿಗೆಯನ್ನು ಇವತ್ತೇ ಸಜ್ಜು ಮಾಡಬೇಕು.

ಕಾಕಾ ಹೊಗೆತಿದಿಗೆ ಕುಳ್ಳಿನ ಚೂರು, ಹಳೆ ಗೋಣಿ, ಮೇಲೆ ಬೇವಿನ ಒಣ ಎಲೆ ತುಂಬಿ ಎರಡು ಸಲ ಅದುಮುತ್ತಾರೆ. ದಪ್ಪ ಬಿಳಿ ಹೊಗೆ. "ಕೈ ಮ್ಯಾಲ ಬಿಟ್ಕೊಂಡು ನೋಡ್ರಿ. ಸುಡಬಾರದು, ತಣ್ಣಗ ಇರಬೇಕು."

ಬಾಗಿಲಿಗೆ ಎರಡು ಗುಟುಕು ಹೊಗೆ. ಕಾಯಿರಿ. ಬೆಂಕಿ ಬಿತ್ತೆಂದು ಬಗೆದು ನೊಣಗಳು ಒಳಗೆ ಓಡಿ ಹೊಟ್ಟೆ ತುಂಬ ಜೇನು ಹೀರಿಕೊಳ್ಳುತ್ತವೆ. ಹೊಟ್ಟೆ ತುಂಬಿದ ನೊಣಕ್ಕೆ ಕಚ್ಚುವ ಉಮೇದು ಕಡಿಮೆ. ಮುಚ್ಚಳದ ಸಂದಿಗೆ ಚಪ್ಪಟೆ ಉಳಿ ತೂರಿಸಿ ಮೀಟಿ. ಅಂಟು ಬಿಡುವ ಸದ್ದು: ಟಕ್. ಒಳಗಿನ ಬಿಸಿ ಗಾಳಿ ಮುಖಕ್ಕೆ ಬರುತ್ತದೆ. ಮೇಣ, ಜೇನು, ಅದರಡಿಯಲ್ಲಿ ಸಣ್ಣಗೆ ಹುಳಿ ಹಿಡಿದ ಪರಾಗದ ವಾಸನೆ. ಜಾಲರಿಯ ಮುಸುಕಿನೊಳಗೆ ನಿಮ್ಮ ಬೆವರ ಹನಿ ಹುಬ್ಬಿನಿಂದ ಮೂಗಿನ ತುದಿಗೆ ಜಾರುತ್ತಿದೆ. ಒರೆಸಿಕೊಳ್ಳುವಂತಿಲ್ಲ. ಜಾರಲಿ.

ಮೇಲಿನ ಜೇನು ಕೋಣೆಯಲ್ಲಿ ಆರು ಎರಿ ತುಂಬಿವೆ. ಒಂದನ್ನು ಎರಡೂ ತುದಿ ಹಿಡಿದು ನೇರವಾಗಿ, ನಿಧಾನವಾಗಿ ಎತ್ತಿ. ಎರಿಗಳ ನಡುವೆ ಎಂಟು ಮಿಲಿಮೀಟರ್ ಆಸುಪಾಸಿನ ಸಂದು ಬಿಟ್ಟರೆ ಜೇನು ಅದನ್ನು ಮುಚ್ಚದೆ ಓಡಾಡುವ ದಾರಿಯಾಗಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಬಳಸಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಈ ಪೆಟ್ಟಿಗೆ ರೂಪಿಸಿದ್ದು 1851ರಲ್ಲಿ. ಅದರಿಂದಲೇ ಇವತ್ತು ನೀವು ಗೂಡು ಮುರಿಯದೆ ಗೂಡಿನೊಳಗೆ ಕೈ ಹಾಕುತ್ತಿದ್ದೀರಿ. ಎರಿ ಮೇಲೆ ಬಂತು. ಮಣಿಕಟ್ಟು ಭಾರಕ್ಕೆ ಬಾಗುತ್ತದೆ. ಎರಡೂವರೆ ಕಿಲೋಗೆ ಕಡಿಮೆ ಇಲ್ಲ. ಎರಡೂ ಬದಿ ಬಿಳಿ ಮೇಣದ ಮುಚ್ಚಳ ಹಾಸಿದೆ.

"ಎಷ್ಟ್ ಬಿಡ್ತೀರಿ?" ಕಾಕಾ ಕೇಳುತ್ತಾರೆ.

ಇದೇ ಇವತ್ತಿನ ಪ್ರಶ್ನೆ. ಆರೂ ಎರಿ ಹಿಂಡಿದರೆ ಹದಿನೈದು ಕಿಲೋ ಜೇನು, ಕೈಗೆ ಬರುವ ರೊಕ್ಕ. ಆಮೇಲೆ ಸಕ್ಕರೆ ಪಾಕ ಇಟ್ಟರಾಯಿತು, ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು. ಬಹಳ ಮಂದಿ ಮಾಡುವುದೂ ಅದನ್ನೇ. ನಿಮಗೂ ಆಸೆ ಇದೆ, ಇಲ್ಲವೆನ್ನಬೇಡಿ.

"ಸಕ್ರಿ ಹಸಿವಿ ಕೊಲ್ತದ, ಮರಿ ಬೆಳಸಂಗಿಲ್ರಿ," ಎನ್ನುತ್ತಾರೆ ಕಾಕಾ. ಮಾತು ಸರಿಯಾಗಿದೆ. ಸಕ್ಕರೆಯಿಂದ ನೊಣಕ್ಕೆ ಹಾರುವ ಕಸುವು ಬಂದೀತು. ಮರಿಗೆ ಉಣಿಸುವ ಹಾಲು ಊರಬೇಕಾದರೆ ಪರಾಗ ಬೇಕು. ಆದ್ದರಿಂದ ತೀರ್ಮಾನ ಎರಡು ಭಾಗದ್ದು. ಜೇನಿನ ಎರಡು ಎರಿ ಕೆಳಗಿನ ಸಂಸಾರ ಕೋಣೆಗೆ ಇಳಿಯಲಿ, ನಾಲ್ಕು ಬಕೆಟ್ಟಿಗೆ ಹೋಗಲಿ. ಪರಾಗ ತುಂಬಿದ ಎರಿಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅಲ್ಲಿ ನೋಡಿ, ಅಂಚಿನಿಂದ ಎರಡನೆಯದು: ಹಳದಿ, ಕಿತ್ತಳೆ, ಮಾಸಲು ಬಿಳಿ. ಒಂದೊಂದು ಬಣ್ಣ ಒಂದೊಂದು ಬೆಳೆಯದು. ಏಪ್ರಿಲ್‌ನಲ್ಲಿ ಇದಕ್ಕೆ ಬೆಲೆ ಕಟ್ಟಲಾಗದು.

ನಾಲ್ಕು ಎರಿಯ ನೊಣಗಳನ್ನು ಮೆತ್ತನೆ ಬ್ರಷ್‌ನಿಂದ ಪೆಟ್ಟಿಗೆಗೇ ಒರೆಸಿ, ಎರಿಗಳನ್ನು ಬಕೆಟ್ಟಿನಲ್ಲಿಟ್ಟು ಬಿಗಿಯಾಗಿ ಮುಚ್ಚಿ. ಜೇನು ಕೋಣೆ ಕೆಳಗಿಳಿಯಲಿ. ನೊಣ ಕಾಯಲಾರದಷ್ಟು ಜಾಗ ಬೇಸಿಗೆಯಲ್ಲಿ ಶತ್ರುವಿನ ಪಾಲು.

ಸಂಸಾರ ಕೋಣೆಯ ಮೊದಲ ಎರಿ ಕಪ್ಪಾಗಿದೆ, ಖಾಲಿಯಿದೆ. ಬೆಳಕಿಗೆ ಹಿಡಿಯಿರಿ. ಕೋಶಗಳ ನಡುವೆ ಬೂದು ನೂಲಿನ ಸುರಂಗ, ಸಾಸಿವೆ ಚೆಲ್ಲಿದ ಹಾಗೆ ಹಿಕ್ಕೆ, ಅದರೊಳಗೆ ತಲೆ ಆಡಿಸುವ ಒಂದು ಬಿಳಿ ಹುಳು. ಮೇಣದ ಪತಂಗದ ಮರಿ. ನೊಣ ಕೂರದ ಎರಿ ಸಿಕ್ಕರೆ ಅದು ಗೂಡನ್ನೇ ಜಾಳುಜಾಳು ಮಾಡುತ್ತದೆ. ಉಳಿಯ ಮೊನೆಯಿಂದ ತೆಗೆದು ಉಗುರಲ್ಲಿ ಒತ್ತಿ. ಈ ಎರಿ, ಇದರ ಆಚೆಯ ಇನ್ನೊಂದು ಹಳೆಯದು, ಎರಡೂ ಹೊರಗೆ. ಜೇನಿನ ಎರಡು ಎರಿ ಆ ಜಾಗಕ್ಕೆ.

ಇನ್ನು ನಡುಮನೆ. ಇಲ್ಲಿ ಕೈ ಇನ್ನೂ ಮೆತ್ತಗಾಗಬೇಕು. ಐದನೆಯ ಎರಿಯನ್ನು ಎತ್ತಿ ಸೂರ್ಯ ಬೆನ್ನ ಹಿಂದೆ ಬರುವಂತೆ ತಿರುಗಿ ನಿಲ್ಲಿ. ಕೋಶದ ತಳದಲ್ಲಿ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಗೆರೆಗಳು ಕಾಣುತ್ತಿವೆಯೇ? ತತ್ತಿ. ನೆಟ್ಟಗೆ ನಿಂತದ್ದು ಇವತ್ತಿನದು, ಪೂರಾ ಮಲಗಿದ್ದು ಮೂರನೆಯ ದಿನದ್ದು. ಮೂರು ದಿನ ತತ್ತಿ, ಆರು ದಿನ ಹುಳು, ಹನ್ನೆರಡು ದಿನ ಮುಚ್ಚಳದೊಳಗೆ. ಇಪ್ಪತ್ತೊಂದನೆಯ ದಿನ ನೊಣ. ಅಗೋ, ನೊಣಗಳು ದಾರಿ ಬಿಟ್ಟು ಅವಳ ಕಡೆ ಮುಖ ಮಾಡಿ ನಿಂತ ಜಾಗ. ಉದ್ದ ಹೊಟ್ಟೆ, ಗಿಡ್ಡ ರೆಕ್ಕೆ, ಅವಸರವಿಲ್ಲದ ನಡಿಗೆ. ರಾಣಿ. ಉಗುರು ತಾಗಿದರೂ ಕುಟುಂಬ ಹೋಯಿತು. ಉಸಿರು ತನ್ನಿಂದ ತಾನೇ ನಿಲ್ಲುತ್ತದೆ. ಎರಿಯನ್ನು ಇದ್ದ ದಿಕ್ಕಿಗೇ, ಇದ್ದ ಜಾಗಕ್ಕೇ ಇಳಿಸಿ. ಹಿಂದುಮುಂದಾಗಿ ಇಡಬೇಡಿ.

ಈ ಕಾಳಜಿಯ ಹಿಂದೆ ಒಂದು ಸಂಖ್ಯೆ ಇದೆ: 34-35 ಡಿಗ್ರಿ. ಮರಿ ಬೆಳೆಯಲು ಬೇಕಾದ ಕಾವು ಅದು. ಹೊರಗೆ 42 ಇದ್ದರೂ ಒಳಗೆ ಅದನ್ನೇ ಕಾಯಬೇಕು. ಅದಕ್ಕಾಗಿ ನೊಣಗಳು ನೀರು ಹೊತ್ತು ತಂದು ಕೋಶದ ಬಾಯಿಗೆ ಹಚ್ಚಿ, ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ನೀರಿಲ್ಲದಿದ್ದರೆ ಆ ಬೀಸಣಿಗೆಯಿಂದ ಪ್ರಯೋಜನವಿಲ್ಲ. ಮೇಣ ಕರಗುವುದು 62 ಡಿಗ್ರಿಯ ಮೇಲೆ, ನಿಜ. ಆದರೆ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ, ಜೇನಿನ ಭಾರಕ್ಕೆ ಹೊಸ ಎರಿ ಕುಸಿದು ಬಿದ್ದರೆ ಅಡಿಯಲ್ಲಿ ಸಿಕ್ಕ ನೊಣವೆಲ್ಲ ತನ್ನ ಜೇನಿನಲ್ಲೇ ಮುಳುಗಿ ಸಾಯುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಬೇಸಿಗೆ ಬಂದರೆ ಈ ಜಿಲ್ಲೆಯ ಎಷ್ಟೋ ಮನೆಗೆ ಬೀಗ ಬೀಳುತ್ತದೆ, ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ಹೆಜ್ಜೇನೂ ಹಾಗೆಯೇ, ಬಂಡೆ, ಆಲದಮರ, ನೀರಿನ ಟ್ಯಾಂಕಿಗೆ ಜೋತ ಎರಿಯನ್ನು ಖಾಲಿ ಬಿಟ್ಟು ಇಡೀ ಕುಟುಂಬ ಹೂವಿರುವ ಕಡೆ ಎದ್ದುಹೋಗುತ್ತದೆ. ತುಡುವೆಯೂ ಹಸಿವು ತಾಳದೆ ಗೂಡು ಬಿಟ್ಟೀತು. ನಿಮ್ಮ ಪೆಟ್ಟಿಗೆಯಲ್ಲಿರುವುದು ಮೆಲ್ಲಿಫೆರಾ. 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿ ದೇಶದಲ್ಲಿ ಹಬ್ಬಿದ ಜಾತಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಬಲಿ ಪಡೆದ ಮೇಲೆ ಇಲ್ಲಿಯ ಬಯಲಿಗೂ ಬಂತು. ಇದಕ್ಕೆ ಎದ್ದುಹೋಗುವ ಬುದ್ಧಿ ಕಡಿಮೆ. ಕೂತಲ್ಲೇ ಸಾಯುತ್ತದೆ. ನೂರಾರು ಪೆಟ್ಟಿಗೆ ಇರುವವರು ರಾತ್ರಿ ಲಾರಿಗೆ ಹೇರಿ ಹೂವಿನ ಬೆನ್ನು ಹತ್ತುತ್ತಾರೆ. ಹತ್ತು ಪೆಟ್ಟಿಗೆಗೆ ಆ ಬಾಡಿಗೆ ಗಿಟ್ಟುವುದಿಲ್ಲ. ಹಾಗಾಗಿ ಇವು ಇಲ್ಲೇ ಉಳಿಯುವವು, ನಿಮ್ಮ ಕೈ ನಂಬಿಕೊಂಡು.

ಒಂಬತ್ತು ಗಂಟೆ. ಆರನೆಯ ಪೆಟ್ಟಿಗೆ. ಬೆವರಿಗೆ ಅಂಗೈ ಜಾರುತ್ತಿದೆ. ಜೇನಿನ ಎರಿಯೊಂದನ್ನು ಎತ್ತುತ್ತೀರಿ, ಅರ್ಧಕ್ಕೆ ಬರುತ್ತದೆ, ಒಂದು ತುದಿ ಬೆರಳಿನಿಂದ ಕಳಚುತ್ತದೆ. ಎರಿ ಪೆಟ್ಟಿಗೆಯ ಅಂಚಿಗೆ ಬಡಿಯುತ್ತದೆ. ಮುಚ್ಚಳ ಒಡೆಯಿತು. ಜೇನು ಹಲಗೆಯ ಮೇಲೆ ಇಳಿಯುತ್ತದೆ, ನೆಲಕ್ಕೆ ತೊಟ್ಟಿಕ್ಕುತ್ತದೆ. ಒಳಗಿನ ಸದ್ದು ಬದಲಾಯಿತು. ಕೇಳಿದಿರಾ? ಗುಂಯ್ ಹೋಗಿ ಚೀರು.

ಮೊದಲ ಮುಳ್ಳು ಹೆಬ್ಬೆರಳಿನ ಬುಡಕ್ಕೆ. ಕೆಂಡ. ಎರಿ ಬಿಡಬೇಡಿ! ಅದನ್ನು ಮೊದಲು ಒಳಗಿಡಿ. ಇಟ್ಟಿರಾ? ಈಗ ಉಗುರಿನಿಂದ ಮುಳ್ಳನ್ನು ಪಕ್ಕಕ್ಕೆ ಕೆರೆದು ತೆಗೆಯಿರಿ. ನೊಣ ಹೋದರೂ ಚರ್ಮದಲ್ಲಿ ಉಳಿದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಮೂಗಿಗೆ ಹಣ್ಣಾದ ಬಾಳೆಯ ವಾಸನೆ ಬಡಿಯುತ್ತದೆ. ಬಾಳೆಹಣ್ಣು ಎಲ್ಲೂ ಇಲ್ಲ. ಅದು ಕಚ್ಚಿದ ನೊಣ ಬಿಟ್ಟ ಕರೆ: ಶತ್ರು ಇಲ್ಲಿದ್ದಾನೆ, ಇಲ್ಲೇ ಚುಚ್ಚಿ. ಎರಡನೆಯದು ಅದೇ ಜಾಗಕ್ಕೆ ಬರುತ್ತದೆ. ಮೂರನೆಯದೂ.

"ಓಡಬ್ಯಾಡ್ರಿ! ಸುಮ್ಕ ನಿಂದರ್ರಿ!" ಕಾಕಾ ನಿಮ್ಮ ಕೈಗೆ ಹೊಗೆ ಹೊಡೆಯುತ್ತಾರೆ. ಬಾಳೆಯ ವಾಸನೆ ಹೊಗೆಯಡಿ ಮುಚ್ಚುತ್ತದೆ. ಮೊಣಕಾಲು ನಡುಗುತ್ತಿವೆ. ನಡುಗಲಿ, ಪಾದ ಕೀಳಬೇಡಿ.

ನಿಜವಾದ ಅಪಾಯ ಕೈಗಲ್ಲ. ಕೆಳಗೆ ನೋಡಿ. ಚೆಲ್ಲಿದ ಜೇನಿನ ಮೇಲೆ ಐದಾರು ನೊಣ, ಈಗ ಇಪ್ಪತ್ತು, ಈಗ ಲೆಕ್ಕವಿಲ್ಲ. ಇವು ಈ ಪೆಟ್ಟಿಗೆಯವಲ್ಲ. ಬಾಗಿಲಲ್ಲಿ ನೇರ ಇಳಿಯದೆ ಅತ್ತಿತ್ತ ತೂಗಾಡುತ್ತ ಸಂದು ಹುಡುಕುತ್ತಿವೆ. ಬಾಗಿಲ ಹಲಗೆಯ ಮೇಲೆ ಎರಡೆರಡು ನೊಣ ತೆಕ್ಕೆಬಿದ್ದು ಉರುಳುತ್ತಿವೆ.

"ಲೂಟಿ ಬಿತ್ರಿ! ಬಾಗಲಾ ಮುಚ್ಚರಿ!"

ಹೂವು ತೀರುವ ಕಾಲದಲ್ಲಿ ಒಂದು ಹನಿ ಜೇನು ಸಾಕು, ಬಲಿಷ್ಠ ಕುಟುಂಬ ಬಡ ಕುಟುಂಬವನ್ನು ದೋಚಲು. ಅರ್ಧ ದಿನದಲ್ಲಿ ಪೆಟ್ಟಿಗೆ ಬರಿದು. ಮುಚ್ಚಳ ಹಾಕಿ. ಬಾಗಿಲಿಗೆ ಹುಲ್ಲು ತುರುಕಿ, ಒಂದೇ ನೊಣ ತೂರುವಷ್ಟು ಸಂದು ಬಿಡಿ; ಅಷ್ಟೇ ಕಿರಿದಾದರೆ ಒಳಗಿನ ನಾಲ್ಕು ಕಾವಲು ನೊಣ ಸಾಕು. ಗೋಣಿ ತಟ್ಟು ನೀರಲ್ಲಿ ಅದ್ದಿ ಇಡೀ ಪೆಟ್ಟಿಗೆಯ ಮೇಲೆ ಹೊದಿಸಿ. ನೆಲದ ಜೇನಿನ ಮೇಲೆ ಮಣ್ಣು, ಆಮೇಲೆ ನೀರು. ಹಲಗೆ ಒರೆಸಿ. ಬಕೆಟ್ಟಿನ ಮುಚ್ಚಳ ಬಿಗಿ ಇದೆಯೇ, ಮತ್ತೆ ನೋಡಿ.

ತೂಗಾಟ ತೆಳುವಾಗುತ್ತದೆ. ನಿಮ್ಮ ಎದೆಬಡಿತ ಕಿವಿಯಲ್ಲೇ ಕೇಳುತ್ತಿದೆ. ಕೈ ಊದಿಕೊಳ್ಳತೊಡಗಿದೆ. ಊತ ಕೈಗಷ್ಟೇ ಇದ್ದರೆ ಚಿಂತೆಯಿಲ್ಲ; ಮೈಯೆಲ್ಲ ದದ್ದು, ಗಂಟಲು ಬಿಗಿತ, ಉಸಿರುಗಟ್ಟುವಿಕೆ ಕಂಡರೆ ಆಸ್ಪತ್ರೆಗೆ ಹೋಗುವುದಷ್ಟೇ ಕೆಲಸ, ಉಳಿದುದೆಲ್ಲ ಬಿಟ್ಟು.

ನಡುಹಗಲು ಪೆಟ್ಟಿಗೆ ಬಿಚ್ಚದ ಕೆಲಸಕ್ಕೆ. ಬೇವಿನ ನೆರಳು ಮಧ್ಯಾಹ್ನ ಸರಿದುಹೋಗುವ ಕಡೆ ತೊಗರಿ ಕಟ್ಟಿಗೆ ನೆಟ್ಟು ಮೇಲೆ ಜೋಳದ ಕಣಿಕೆ ಹೊದಿಸಿದ ಚಪ್ಪರ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು, ಇರುವೆ ಹತ್ತದಂತೆ. ಅಗಲ ಪರಾತಿನಲ್ಲಿ ಹರಳುಕಲ್ಲು ತುಂಬಿ ನೀರು. ಕಲ್ಲಿಲ್ಲದಿದ್ದರೆ ಕೂರಲು ಜಾಗವಿಲ್ಲದೆ ಮುಳುಗುತ್ತವೆ. ಈ ಪರಾತ ಒಂದು ದಿನವೂ ಒಣಗಬಾರದು. ಅಭ್ಯಾಸ ತಪ್ಪಿ ನೊಣ ಬೇರೆ ನೀರು ಹುಡುಕಿತೆಂದರೆ ಅದು ಔಷಧ ಹೊಡೆದ ಗದ್ದೆಯ ನೀರಾಗಿರಬಹುದು. ತಂತಿಯ ಮೇಲೆ ಕಳ್ಳಿಪೀರಗಳು ಸಾಲಾಗಿ ಕೂತಿವೆ. ಒಂದು ಹಾರುತ್ತದೆ, ಗಾಳಿಯಲ್ಲೇ ಕೊಕ್ಕು ಟಕ್ಕೆನ್ನುತ್ತದೆ, ಮರಳಿ ಬಂದು ನೊಣವನ್ನು ತಂತಿಗೆ ಉಜ್ಜಿ ನುಂಗುತ್ತದೆ. ಅದರ ಪಾಲು ಅದಕ್ಕೆ.

ಸಂಜೆ ಆರೂವರೆ. ಏಳನೆಯ ಪೆಟ್ಟಿಗೆಯ ಮುಂದೆ ಕಾಕಾ ಮಾತಾಡದೆ ನಿಂತಿದ್ದಾರೆ. ಬೆಳಿಗ್ಗೆ ತಟ್ಟಿದಾಗ ಇದರ ಸದ್ದು ತೆಳ್ಳಗಿತ್ತು. ಹತ್ತು ಎರಿಯ ಮನೆಯಲ್ಲಿ ನೊಣ ಮುಚ್ಚಿರುವುದು ಮೂರನ್ನು. ತತ್ತಿ ಅಲ್ಲೊಂದು ಇಲ್ಲೊಂದು. ಅಂಚಿನ ಎರಿಯಲ್ಲಿ ಕೆಲವು ನೊಣ ಕೋಶದೊಳಗೆ ತಲೆ ಹುದುಗಿಸಿ, ಹಿಂಭಾಗ ಮಾತ್ರ ಹೊರಗಿಟ್ಟು ಸತ್ತಿವೆ. ಹಸಿವಿನ ಸಾವು ಹೀಗೇ ಇರುತ್ತದೆ, ಕೊನೆಯ ಹನಿ ನೆಕ್ಕುತ್ತಲೇ.

ಮೂರು ಎರಿಯ ನೊಣ ಮೇ ತಿಂಗಳ ಕಾವು ತಡೆಯಲಾರವು. ಹಾಗೇ ಬಿಟ್ಟರೆ ಪತಂಗಕ್ಕೋ ಲೂಟಿಗೋ ಹೋಗುತ್ತದೆ. ಎಂಟನೆಯ ಪೆಟ್ಟಿಗೆಯ ಜೊತೆ ಕೂಡಿಸಿದರೆ ಇವು ಉಳಿಯುತ್ತವೆ. ಕೂಡಿಸಬೇಕೆಂದರೆ ಒಂದು ಮನೆಗೆ ಒಬ್ಬಳೇ ರಾಣಿ. ಇವಳನ್ನು ತೆಗೆಯಬೇಕು.

"ನೀವಾ ಮಾಡ್ರಿ," ಎನ್ನುತ್ತಾರೆ ಕಾಕಾ. "ನಿಮ್ಮ ಪೆಟಗಿ."

ಮೂರನೆಯ ಎರಿಯಲ್ಲಿ ಸಿಗುತ್ತಾಳೆ. ರೆಕ್ಕೆಯ ಅಂಚು ಹರಿದಿದೆ, ಬೆನ್ನಿನ ರೋಮ ಉದುರಿ ನುಣುಪಾಗಿ ಹೊಳೆಯುತ್ತಿದೆ. ಭರದ ದಿನಗಳಲ್ಲಿ ದಿನಕ್ಕೆ ಸಾವಿರಕ್ಕೂ ಮಿಕ್ಕಿ ತತ್ತಿ ಇಟ್ಟವಳು. ಹಿಡಿದರೂ ಬೆರಳಿಗೆ ಚುಚ್ಚುವುದಿಲ್ಲ. ರಾಣಿಯ ಮುಳ್ಳು ಇನ್ನೊಬ್ಬ ರಾಣಿಗೆ ಮೀಸಲು. ಬೆರಳ ನಡುವೆ ಅವಳ ಕಾಲು ಆಡುವುದು ಗೊತ್ತಾಗುತ್ತದೆ. ತಡಮಾಡಿದಷ್ಟೂ ಕಷ್ಟ. ಒತ್ತಿ.

ಆಯಿತು.

ಎಂಟನೆಯ ಪೆಟ್ಟಿಗೆಯ ಸಂಸಾರ ಕೋಣೆಯ ಮೇಲೆ ಹಳೆ ದಿನಪತ್ರಿಕೆಯ ಒಂದು ಹಾಳೆ ಹಾಸಿ, ಮೊಳೆಯಿಂದ ಅಲ್ಲಲ್ಲಿ ಚುಚ್ಚಿ. ಅದರ ಮೇಲೆ ಏಳನೆಯದರ ಕೋಣೆ ಇಟ್ಟು ಮುಚ್ಚಿ. ಈಗಲೇ ಕಲೆತರೆ ಕಾದಾಡಿ ಸಾಯುತ್ತವೆ. ಎರಡೂ ಕಡೆಯಿಂದ ಕಾಗದ ಕಡಿದು ದಾರಿ ಮಾಡಿಕೊಳ್ಳುವ ಒಂದೆರಡು ದಿನದಲ್ಲಿ ಮೇಲಿನವರ ವಾಸನೆ ಕೆಳಗಿನವರಿಗೆ ಒಗ್ಗುತ್ತದೆ. ನಾಡಿದ್ದು ಬಾಗಿಲ ಮುಂದೆ ಕಾಗದದ ಹೊಟ್ಟು ಬಿದ್ದಿದ್ದರೆ ಒಪ್ಪಂದವಾಗಿದೆ ಎಂದು ತಿಳಿಯಿರಿ.

ಕಾಕಾ ಸೀಮೆಸುಣ್ಣದಿಂದ ಮುಚ್ಚಳದ ಮೇಲೆ ತಾರೀಖು ಬರೆದು, ಬಕೆಟ್ಟುಗಳ ಕಡೆ ನೋಡುತ್ತಾರೆ. ನಿಮ್ಮ ಮನಸ್ಸು ಅಲ್ಲೇ ಇದೆ ಎಂದು ಅವರಿಗೆ ಗೊತ್ತು.

ಇನ್ನೊಂದು ಲೆಕ್ಕ ಹಾಕಿ. ಹಿಮದ ದೇಶದಲ್ಲಿ ಚಳಿಗಾಲಕ್ಕೆಂದು ಹುಟ್ಟಿದ ನೊಣ ಐದಾರು ತಿಂಗಳು ಬದುಕುತ್ತದೆ. ಅಕ್ಟೋಬರಿನಲ್ಲಿ ಮುಚ್ಚಿದ ನೊಣವೇ ವಸಂತದಲ್ಲಿ ಹೊರಬರುತ್ತದೆ. ಇಲ್ಲಿ ದುಡಿಯುವ ನೊಣದ ಆಯುಷ್ಯ ಆರು ವಾರ. ಇವತ್ತು ನಿಮ್ಮ ಸುತ್ತ ಹಾರಿದವು ಯಾವುವೂ ಏಪ್ರಿಲ್ ಕೊನೆ ಕಾಣುವುದಿಲ್ಲ. ಜೂನ್ ಮಳೆ ಬಿದ್ದಾಗ ಹೂವಿಗೆ ಹೊರಡುವ ನೊಣದ ತತ್ತಿಯನ್ನು ರಾಣಿ ಇನ್ನೂ ಇಟ್ಟಿಲ್ಲ. ನಡುವೆ ಬೇವು, ಹೊಂಗೆ, ಹುಣಸೆ, ಬಳ್ಳಾರಿ ಜಾಲಿ ಒಂದಿಷ್ಟು ಕೊಡುತ್ತವೆ. ಮೂರು ತಲೆಮಾರು ದಾಟಿಸಲು ಅಷ್ಟು ಸಾಲದು. ಉಣ್ಣಲು ಕಡಿಮೆಯಾಯಿತೆಂದು ತಿಳಿದ ದಿನ ರಾಣಿ ತತ್ತಿ ನಿಲ್ಲಿಸುತ್ತಾಳೆ, ಅದರ ಮೂರು ವಾರಕ್ಕೆ ಹೊಸ ನೊಣ ಹುಟ್ಟುವುದು ನಿಲ್ಲುತ್ತದೆ. ಪೆಟ್ಟಿಗೆ ಆಗಲೂ ಗುಂಯ್‌ಗುಡುತ್ತಿರುತ್ತದೆ, ಆದರೆ ಒಳಗೆಲ್ಲ ಮುದಿ ನೊಣ. ಹಾಗಾಗಿ ನೀವು ಬಿಡುವ ಜೇನು ತೊಟ್ಟಿಲು ನಿಲ್ಲದಿರಲಿ ಎಂದು.

ಕೂಡಿಸಿದ ಪೆಟ್ಟಿಗೆಯಲ್ಲಿ ಈಗ ಎರಡು ಮನೆಯ ಬಾಯಿಗಳಿವೆ, ಒಂದು ಮನೆಯ ದಾಸ್ತಾನಿದೆ. ಬಕೆಟ್ಟಿನ ಮುಚ್ಚಳ ತೆಗೆಯಿರಿ. ಒಂದು ತುಂಬಿದ ಎರಿ ಹೊರಗೆ ಬರಲಿ. "ಇನ್ನೊಂದು?" ಎನ್ನುತ್ತಾರೆ ಕಾಕಾ. ನಿಮ್ಮ ಊದಿದ ಕೈ ಬಕೆಟ್ಟಿನ ಅಂಚಿನಲ್ಲಿ ತಡೆಯುತ್ತದೆ. ಇನ್ನೊಂದನ್ನೂ ತೆಗೆಯಿರಿ. ಮಾರಲು ಉಳಿದದ್ದೇ ನಿಮ್ಮ ಪಾಲು.